ಎಲೆ ತುಂಬುವ ಮುನ್ನ: ಸಮುದಾಯ ತೋಟದ ಹಕ್ಕಿಗಳನ್ನು ಜಲವರ್ಣದಲ್ಲಿ ಬಿಡಿಸುವುದು

ಹಕ್ಕಿಯ ಚಿತ್ರ ಕೆಡುವುದು ಹೆಚ್ಚಾಗಿ ಬಣ್ಣದಲ್ಲಲ್ಲ, ನಿಲುವಿನಲ್ಲಿ. ಒಂದೊಂದು ಗರಿಯನ್ನೂ ತಿದ್ದಿ ತೀಡಿದ ಗುಬ್ಬಚ್ಚಿ ಕೊಂಬೆಯಿಂದ ಹಿಂದಕ್ಕೆ ಉರುಳುವಂತೆ ಕಂಡರೆ, ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಿಲುವು ಕಲಿಯಲು ವಸಂತದ ಮೊದಲ ವಾರಗಳಿಗಿಂತ ಒಳ್ಳೆಯ ಕಾಲವಿಲ್ಲ. ಮರಗಿಡಗಳಲ್ಲಿ ಎಲೆ ಇನ್ನೂ ದಟ್ಟವಾಗಿರುವುದಿಲ್ಲ, ಹಾಗಾಗಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಇಡೀ ಮೈ ಕಾಣುತ್ತದೆ. ಹೊಸದಾಗಿ ಅಗೆದ ಪಾತಿಗಳಿಗೆ ಹುಳು ಹೆಕ್ಕಲು ಹಕ್ಕಿಗಳು ಇಳಿಯುತ್ತವೆ. ಗಂಡುಗಳು ಹಾಡುವುದಕ್ಕೆಂದು ಅದೇ ಕೊಂಬೆಗೆ, ಅದೇ ಬೇಲಿಗೂಟಕ್ಕೆ ದಿನವೂ ಬಂದು ಕೂರುತ್ತವೆ. ಹತ್ತಾರು ಜನ ಸೇರಿ ಬೆಳೆಸುವ ತೋಟವಾದರೆ ಇನ್ನೊಂದು ಅನುಕೂಲ: ಅಲ್ಲಿನ ಹಕ್ಕಿಗಳು ಮನುಷ್ಯರ ಓಡಾಟಕ್ಕೆ ಒಗ್ಗಿರುತ್ತವೆ, ಕಾಡಿನಲ್ಲಿ ಬಿಡದಷ್ಟು ಹತ್ತಿರ ಬಿಟ್ಟುಕೊಳ್ಳುತ್ತವೆ.

ಕೂರುವ ಜಾಗ, ಹೊತ್ತು

ಸಾಮಾನು ಬಿಚ್ಚುವ ಮೊದಲು 20 ನಿಮಿಷ ಸುಮ್ಮನೆ ನೋಡಿ. ನಲ್ಲಿಯ ಕೆಳಗಿನ ಕೆಸರು, ಗೊಬ್ಬರದ ರಾಶಿ, ಬಳ್ಳಿ ಹಬ್ಬಿಸಲು ನೆಟ್ಟ ಕೋಲುಗಳು, ತಂತಿಬೇಲಿ ಇವೆಲ್ಲ ಹಕ್ಕಿಗಳು ಪದೇ ಪದೇ ಬರುವ ಜಾಗಗಳು. ಇವುಗಳಲ್ಲಿ ಯಾವುದಕ್ಕೆ ಹಕ್ಕಿ ಮತ್ತೆ ಮತ್ತೆ ಮರಳುತ್ತದೆ ಎಂಬುದನ್ನು ಗುರುತಿಸಿಕೊಂಡು, ಅಲ್ಲಿಂದ 8ರಿಂದ 12 ಮೀಟರ್ ದೂರದಲ್ಲಿ ಕೂರಿ. ಬೆನ್ನಿಗೆ ಗೋಡೆಯೋ ಪೊದೆಯೋ ಇರಲಿ. ಬಯಲಿನಲ್ಲಿ ನಿಂತ ಆಕೃತಿಗೆ ಹಕ್ಕಿ ಹೆದರುವಷ್ಟು ತಗ್ಗಿನಲ್ಲಿ ಕೂತವರಿಗೆ ಹೆದರುವುದಿಲ್ಲ. 8 ಪಟ್ಟು ಹಿಗ್ಗಿಸುವ 8x32 ಅಥವಾ 8x42 ದುರ್ಬೀನು ಸಾಕು. 10 ಪಟ್ಟಿಗಿಂತ ಹೆಚ್ಚು ಹಿಗ್ಗಿಸುವ ದುರ್ಬೀನನ್ನು ಒಂದೇ ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಇರಬೇಕಲ್ಲ.

ಬೆಳಕು ಪಕ್ಕದಿಂದ ಬೀಳುವಂತೆ ಕೂರಿ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದರೆ ಬಣ್ಣವೇನೋ ಚೆನ್ನಾಗಿ ಕಾಣುತ್ತದೆ, ಆದರೆ ಹಕ್ಕಿಯ ಮೈ ಚಪ್ಪಟೆಯಾಗುತ್ತದೆ. ಹಕ್ಕಿಯ ಹಿಂದಿದ್ದರೆ ಬರೀ ಕಪ್ಪು ಆಕಾರ. ಅದು ನಿಲುವಿನ ಅಭ್ಯಾಸಕ್ಕೆ ಒಳ್ಳೆಯದು, ಬಣ್ಣಕ್ಕೆ ಆಗದು. ಕಾಗದ ಮಾತ್ರ ಯಾವಾಗಲೂ ನೆರಳಿನಲ್ಲಿರಲಿ. ಬಿಸಿಲು ಬಿದ್ದ ಬಿಳಿ ಹಾಳೆಯಲ್ಲಿ ಹಚ್ಚಿದ ಬಣ್ಣ ತೆಳುವಾಗಿ ಕಾಣುತ್ತದೆ, ಕೈ ತಾನಾಗಿಯೇ ಗಾಢವಾಗಿ ಹಚ್ಚುತ್ತ ಹೋಗುತ್ತದೆ, ಮನೆಯೊಳಗೆ ತಂದು ನೋಡಿದಾಗ ಚಿತ್ರ ಮಂಕು ಹೊಡೆದಿರುತ್ತದೆ.

ಸೂರ್ಯೋದಯದ ನಂತರದ ಎರಡು ಮೂರು ಗಂಟೆ ಒಳ್ಳೆಯ ಹೊತ್ತು. ಒಂದು ಎಚ್ಚರಿಕೆ: ಚಳಿಯ ಬೆಳಗಿನಲ್ಲಿ ಹಕ್ಕಿಗಳು ಗರಿ ಉಬ್ಬಿಸಿಕೊಂಡು ಕೂರುತ್ತವೆ, ಕತ್ತೇ ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಅದೇ ಹಕ್ಕಿ ಸಪೂರವಾಗಿ, ಕತ್ತು ನೀಳವಾಗಿ ಕಾಣುತ್ತದೆ. ಬೆಳಗಿನ ಮೈಗೆ ಮಧ್ಯಾಹ್ನದ ತಲೆ ಅಂಟಿಸಿದರೆ ಯಾವ ಹಕ್ಕಿಯೂ ಅಲ್ಲದ್ದೊಂದು ಹುಟ್ಟುತ್ತದೆ. ಆದ್ದರಿಂದ ಪ್ರತಿ ಗೀಟುಚಿತ್ರದ ಪಕ್ಕ ಹೊತ್ತು ಬರೆದಿಡಿ.

ತೋಟ ನಿಮ್ಮೊಬ್ಬರದಲ್ಲ ಎಂಬುದೂ ನೆನಪಿರಲಿ. ಈ ಕಾಲದಲ್ಲಿ ಬರಿದಾಗಿ ಕಾಣುವ ಪಾತಿಯಲ್ಲಿ ಬಿತ್ತನೆ ಆಗಿರಬಹುದು, ಹಾಗಾಗಿ ಕುರ್ಚಿ ದಾರಿಯ ಮೇಲಷ್ಟೇ. ನೋಟಕ್ಕೆ ಅಡ್ಡ ಬಂತೆಂದು ರೆಂಬೆ ಮುರಿಯಬೇಡಿ. ಹಕ್ಕಿ ಹತ್ತಿರ ಬರಲೆಂದು ಕಾಳು ಚೆಲ್ಲಬೇಡಿ, ಅದಕ್ಕೆ ಇಲಿಗಳೂ ಬರುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದಂತೂ ಬೇಡವೇ ಬೇಡ. ತನ್ನ ಗಡಿಯೊಳಗೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡು ಅದು ಗೂಡು ಕಟ್ಟುವುದನ್ನು ಬಿಟ್ಟು ಓಡಾಡತೊಡಗುತ್ತದೆ. ಕೊಕ್ಕಿನಲ್ಲಿ ನಾರನ್ನೋ ಹುಳುವನ್ನೋ ಕಚ್ಚಿಕೊಂಡ ಹಕ್ಕಿ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಚಿಟಚಿಟ ಕೂಗುತ್ತಿದ್ದರೆ ಕಾರಣ ನೀವೇ. ಆ ಗೀಟು ಮುಗಿಸುವ ಆಸೆ ಬಿಟ್ಟು ಎದ್ದು ದೂರ ಹೋಗಿ. ತೀರಾ ಹತ್ತಿರ ಕೂತರೆ ಗೂಡನ್ನೇ ತೊರೆಯುವ ಹಕ್ಕಿಗಳಿವೆ.

ಸಾಮಾನು

ಕಾಗದಕ್ಕೆ ಕಂಜೂಸಿತನ ಬೇಡ, ಬಣ್ಣದಲ್ಲಿ ಬೇಕಾದರೆ ಉಳಿಸಿ. 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ, ನೂರಕ್ಕೆ ನೂರು ಹತ್ತಿಯ, ನಡುಮಟ್ಟದ ತರಿಯಿರುವ ಕೋಲ್ಡ್ ಪ್ರೆಸ್ ಹಾಳೆ ಬೇಕು; 18x25 ಸೆಂ.ಮೀ. ಅಳತೆ ತೊಡೆಯ ಮೇಲಿಟ್ಟುಕೊಳ್ಳಲು ಹದ. 200 ಜಿಎಸ್‌ಎಂಗಿಂತ ತೆಳುವಾದದ್ದು ನೀರು ಬಿದ್ದ ಕೂಡಲೇ ಅಲೆಯಾಗಿ ಏಳುತ್ತದೆ, ಬಣ್ಣ ತಗ್ಗುಗಳಲ್ಲಿ ನಿಂತು ಪಟ್ಟೆ ಕಟ್ಟುತ್ತದೆ. ಪೆನ್ಸಿಲ್ ಕೆಲಸಕ್ಕೆ ಯಾವುದಾದರೂ ಸ್ಕೆಚ್‌ಬುಕ್, 2ಬಿ ಪೆನ್ಸಿಲ್.

ಬ್ರಷ್ ಮೂರು ಸಾಕು: ದುಂಡನೆಯ 8, 4ನೇ ನಂಬರಿನವು ಮತ್ತು ತುದಿ ಚೂಪಾದ 2ನೇ ನಂಬರಿನದು. ಬಣ್ಣ ಆರು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ. ಕಪ್ಪು ಬೇಡ. ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ತೆಳು ಬೂದಿಯಿಂದ ಹಿಡಿದು ಬಹುತೇಕ ಕಪ್ಪಿನವರೆಗೆ ಎಲ್ಲವೂ ಸಿಗುತ್ತದೆ, ನೀಲಿ ಹೆಚ್ಚಿಸಿದರೆ ತಣ್ಣನೆಯ ಬೂದಿ, ಕಂದು ಹೆಚ್ಚಿಸಿದರೆ ಬೆಚ್ಚನೆಯದು. ಹಕ್ಕಿಯ ಮೈಯಲ್ಲಿ ಮುಕ್ಕಾಲು ಪಾಲು ಕೆಲಸ ಈ ಎರಡರಿಂದಲೇ ಆಗುತ್ತದೆ. ಕೊನೆಯ ತಿದ್ದುಪಡಿಗೆ ಬಿಳಿ ಗ್ವಾಶ್ (ಅಡಿಯದು ಕಾಣದಂತೆ ಮುಚ್ಚುವ ನೀರುಬಣ್ಣ) ಒಂದು ಚಿಕ್ಕ ಟ್ಯೂಬ್.

ಮುಚ್ಚಳವಿರುವ ಎರಡು ಡಬ್ಬಿ ನೀರು ತನ್ನಿ: ಒಂದು ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ತೊಳೆದ ನೀರನ್ನು ಪಾತಿಗೆ ಚೆಲ್ಲುವಂತಿಲ್ಲ. ಕ್ಯಾಡ್ಮಿಯಮ್, ಕೋಬಾಲ್ಟ್ ಹೆಸರಿನ ಬಣ್ಣಗಳಲ್ಲಿ ಭಾರಲೋಹಗಳಿರುತ್ತವೆ. ಮಣ್ಣಿಗೆ ಸೇರಿದ ಕ್ಯಾಡ್ಮಿಯಮ್ಮನ್ನು ಸೊಪ್ಪಿನ ಗಿಡಗಳು ಹೀರಿಕೊಳ್ಳುತ್ತವೆ. ಮೇಲಿನ ಆರು ಬಣ್ಣಗಳಲ್ಲಿ ಸಾಮಾನ್ಯವಾಗಿ ಕ್ಯಾಡ್ಮಿಯಮ್, ಕೋಬಾಲ್ಟ್ ಇರುವುದಿಲ್ಲ ನಿಜ, ಆದರೂ ಊಟದ ಬೆಳೆ ಬೆಳೆಯುವ ಜಾಗ, ನೀರನ್ನು ಡಬ್ಬಿಯಲ್ಲೇ ವಾಪಸು ಒಯ್ಯಿರಿ.

ಪೆನ್ಸಿಲ್: ಒಂದೇ ಹಾಳೆಯಲ್ಲಿ ಐದು ಹಕ್ಕಿ

ಹಕ್ಕಿ ಅಲುಗಾಡದೆ ಕೂರುವುದಿಲ್ಲ, ಆದರೆ ಅದೇ ನಾಲ್ಕೈದು ಭಂಗಿಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಇಡೀ ಕೆಲಸ ನಿಂತಿರುವುದು ಈ ಸಂಗತಿಯ ಮೇಲೆ. ಒಂದು ಭಂಗಿ ಶುರು ಮಾಡಿ. ಹಕ್ಕಿ ತಿರುಗಿದ ಕೂಡಲೇ ಅದನ್ನು ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಶುರು ಮಾಡಿ. ಮೊದಲ ಭಂಗಿಗೆ ಮರಳಿದಾಗ ಮೊದಲ ಚಿತ್ರಕ್ಕೆ ಮರಳಿ. ನೆನಪಿನಿಂದ ಪೂರ್ತಿ ಮಾಡಲು ಹೋಗಬೇಡಿ. ಕಣ್ಣು ಕಂಡಿರದ ಜಾಗವನ್ನು ಕೈ ತನಗೆ ರೂಢಿಯಾದ ಹಕ್ಕಿಯಿಂದ ತುಂಬಿಸಿಬಿಡುತ್ತದೆ. ಒಂದು ಗಂಟೆಯಲ್ಲಿ ಐದರಲ್ಲಿ ಎರಡು ಬಳಕೆಗೆ ಬಂದರೂ ಲಾಭವೇ.

ಮೊದಲ ಗೀಟು ಬೆನ್ನಿನ ಓರೆ: ತಲೆಯ ಹಿಂಭಾಗದಿಂದ ಬಾಲದ ಬುಡಕ್ಕೆ ಒಂದೇ ಎಳೆತ. ಪೆನ್ಸಿಲನ್ನು ಕಣ್ಣ ಮುಂದೆ ನೆಟ್ಟಗೆ ಹಿಡಿದು ಈ ಓರೆ ಎಷ್ಟಿದೆ ಎಂದು ತಾಳೆ ನೋಡಿ. ಹೆಚ್ಚಿನವರು ಇರುವುದಕ್ಕಿಂತ ಅಡ್ಡವಾಗಿ ಎಳೆಯುತ್ತಾರೆ. ಆಮೇಲೆ ಮೈಗೊಂದು ಮೊಟ್ಟೆಯಾಕಾರ, ತಲೆಗೊಂದು ವೃತ್ತ. ತಲೆಯ ಅಗಲವನ್ನೇ ಅಳತೆಗೋಲು ಮಾಡಿಕೊಂಡು ಮೈ ಅದರ ಎಷ್ಟು ಪಟ್ಟು, ಬಾಲ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ. ಕೊಕ್ಕಿನ ಸೀಳನ್ನು ಹಿಂದಕ್ಕೆ ಎಳೆದರೆ ಬಹುತೇಕ ಸಣ್ಣ ಹಕ್ಕಿಗಳಲ್ಲಿ ಅದು ಕಣ್ಣಿನ ಸ್ವಲ್ಪ ಕೆಳಗೆ ಹಾದುಹೋಗುತ್ತದೆ. ಕಣ್ಣು ಇದಕ್ಕಿಂತ ಬಹಳ ಮೇಲೇರಿದರೆ ಹಕ್ಕಿ ಬೆಪ್ಪಾಗಿ ಕಾಣುತ್ತದೆ.

ಕಾಲಿನ ವಿಷಯಕ್ಕೆ ಬಂದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದಕ್ಕೆ ಮಡಿಚಿದಂತೆ ಕಾಣುವ ಕೀಲು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಗರಿಗಳೊಳಗೆ ಮುಂದಕ್ಕೆ ಚಾಚಿ ಅಡಗಿರುತ್ತದೆ. ಹೀಗಾಗಿಯೇ ಕಾಲು ಸೊಂಟದಿಂದ ನೇರ ಕೆಳಗಿಳಿಯದೆ ಮೈಯ ನಡುಭಾಗದಿಂದ ಹೊರಬರುತ್ತದೆ, ಪಾದಗಳು ಮೈಭಾರದ ಕೆಳಗೇ ಬರುತ್ತವೆ. ಪರೀಕ್ಷೆ ಸುಲಭ: ಪಾದದ ನಡುವಿನಿಂದ ಮೇಲಕ್ಕೊಂದು ಲಂಬರೇಖೆ ಎಳೆಯಿರಿ. ಅದರ ಎರಡೂ ಬದಿಗೆ ಮೈಯ ಭಾರ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿರಬೇಕು. ಎದೆಯೆಲ್ಲ ರೇಖೆಯ ಮುಂದಿದ್ದರೆ ಹಕ್ಕಿ ಮುಗ್ಗರಿಸುತ್ತದೆ, ಬೆನ್ನೆಲ್ಲ ಹಿಂದಿದ್ದರೆ ಉರುಳುತ್ತದೆ. ನೆಲದ ಮೇಲಿನ ಹಕ್ಕಿಯಾದರೆ ನಡಿಗೆಯನ್ನೂ ಗಮನಿಸಿ: ಗುಬ್ಬಚ್ಚಿ ಕುಪ್ಪಳಿಸುತ್ತದೆ, ಎರಡೂ ಕಾಲು ಜೊತೆಗಿರುತ್ತವೆ, ಗೊರವಂಕ ನಡೆಯುತ್ತದೆ, ಒಂದು ಕಾಲು ಮುಂದೆ, ಒಂದು ಹಿಂದೆ. ಕೊಂಬೆಯ ಮೇಲೆ ಇವೆರಡಕ್ಕೂ ಮೂರು ಬೆರಳು ಮುಂದೆ, ಒಂದು ಹಿಂದೆ. ಗಿಳಿ, ಮರಕುಟಿಗ, ಕುಟ್ರುಹಕ್ಕಿಗಳಿಗೆ ಎರಡು ಮುಂದೆ, ಎರಡು ಹಿಂದೆ.

ಗರಿಗಳನ್ನು ಒಂದೊಂದಾಗಿ ಬಿಡಿಸದೆ ಗುಂಪುಗಳಾಗಿ ನೋಡಿ: ಬೆನ್ನಿನಿಂದ ರೆಕ್ಕೆಯ ಮೇಲೆ ಇಳಿಯುವ ಹೆಗಲ ಗರಿಗಳು, ಅದರಡಿ ರೆಕ್ಕೆಯ ಹೊದಿಕೆ ಗರಿಗಳ ಸಾಲು, ಕೊನೆಗೆ ಉದ್ದನೆಯ ಹಾರುಗರಿಗಳು. ಮಡಿಚಿದ ರೆಕ್ಕೆಯ ಮುಂದಿನ ಅಂಚನ್ನು ಎದೆಯ ಪಕ್ಕದ ಗರಿಗಳು ಬಹಳ ಸಲ ಮುಚ್ಚಿಕೊಂಡಿರುತ್ತವೆ. ಅದನ್ನು ಪೂರ್ತಿ ಬರೆದರೆ ರೆಕ್ಕೆ ಹೊರಗಿನಿಂದ ಅಂಟಿಸಿದಂತೆ ಕಾಣುತ್ತದೆ.

ಪಕ್ಕದಲ್ಲಿ ಬಣ್ಣದ ಟಿಪ್ಪಣಿ ಬರೆಯಿರಿ: ‘ಬೆನ್ನು ಬೆಚ್ಚನೆ ಕಂದು, ಕೆನ್ನೆ ಬೂದು ಮಿಶ್ರಿತ ಬಿಳಿ, ಬೆಳಕು ಎಡಗಡೆ, 7:40’. ಫೋಟೊ ತೆಗೆದರೆ ಯಾವ ಗರಿಗುಂಪು ಎಲ್ಲಿ ಮುಗಿಯುತ್ತದೆ ಎಂದು ಖಚಿತ ಮಾಡಿಕೊಳ್ಳಲಷ್ಟೇ ಬಳಸಿ. ನೆರಳಿನ ಬಣ್ಣಕ್ಕೆ ಅದನ್ನು ನಂಬಬೇಡಿ, ಫೋಟೊದಲ್ಲಿ ನೆರಳುಗಳು ಬರೀ ಕಪ್ಪಾಗಿಬಿಡುತ್ತವೆ. ಹಾರುವ ಹಕ್ಕಿಯ ಗೊಡವೆ ಸದ್ಯಕ್ಕೆ ಬೇಡ.

ಬಣ್ಣ: ಗಂಡು ಗುಬ್ಬಚ್ಚಿಯೊಂದನ್ನು ಮುಗಿಸುವುದು

ವಸಂತದಲ್ಲಿ ಗಂಡು ಗುಬ್ಬಚ್ಚಿಯನ್ನೇ ಮೊದಲು ಆರಿಸಿಕೊಳ್ಳಿ. ಅದರ ಗಂಟಲಿನ ಕಪ್ಪು ಈಗ ಎದ್ದು ಕಾಣುತ್ತದೆ, ಅದಕ್ಕೆ ಕಾರಣ ಹೊಸ ಗರಿ ಬಂದದ್ದಲ್ಲ. ಹಿಂದಿನ ಸಂತಾನಕಾಲ ಮುಗಿದ ಮೇಲೆ ಬಂದ ಗರಿಗಳ ತುದಿ ಮಾಸಲು ಬಣ್ಣದ್ದಾಗಿದ್ದು ಕಪ್ಪನ್ನು ಮರೆಮಾಡಿರುತ್ತದೆ. ತಿಂಗಳುಗಟ್ಟಲೆ ಉಜ್ಜಿ ಆ ತುದಿಗಳು ಸವೆದಾಗ ಅಡಿಯ ಕಪ್ಪು ಹೊರಬರುತ್ತದೆ. ಕೊಕ್ಕೂ ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಸವೆತ ಎಲ್ಲ ಹಕ್ಕಿಯಲ್ಲೂ ಒಂದೇ ಸಮ ಆಗಿರುವುದಿಲ್ಲವಾದ್ದರಿಂದ, ಮೊದಲ ವಾರಗಳಲ್ಲಿ ಈ ಕಪ್ಪಿನ ಕೆಳ ಅಂಚು ಹರಿದುಹರಿದು ಇರುತ್ತದೆ. ಕತ್ತರಿಸಿಟ್ಟಂಥ ಅಂಚು ಎಳೆದರೆ ಆ ಋತುವೇ ಚಿತ್ರದಿಂದ ಹೊರಬಿದ್ದಂತೆ.

ನೆತ್ತಿಯಿಂದ ಬಾಲದ ತುದಿಗೆ ಸುಮಾರು 9 ಸೆಂ.ಮೀ. ಬರುವಂತೆ ಹಾಳೆಗೆ ಇಳಿಸಿಕೊಳ್ಳಿ. ಗೀಟು ತೆಳುವಾಗಿರಲಿ, ಬಣ್ಣದಡಿ ಸೇರಿದ ಪೆನ್ಸಿಲನ್ನು ಆಮೇಲೆ ಅಳಿಸಲಾಗದು.

ಹಿನ್ನೆಲೆಯ ದೊಡ್ಡ ಬಣ್ಣ ಮೊದಲು ಹೋಗಲಿ. ಹಕ್ಕಿಯ ಸುತ್ತಲಿನ ಹಾಳೆಯನ್ನು ಒದ್ದೆ ಮಾಡಿ ತೆಳು ಬೂದಿ, ಅಲ್ಲಲ್ಲಿ ಓಕರ್ ಹರಿಯಬಿಡಿ. ನೆರಳಿನ ಬದಿಯಲ್ಲಿ ಹಕ್ಕಿಯ ಅಂಚಿನೊಳಗೆ ಸ್ವಲ್ಪ ನುಗ್ಗಿದರೂ ಪರವಾಗಿಲ್ಲ. ಒಣಗಿದ ಮೇಲೆ ಕಣ್ಣು. 2ನೇ ಬ್ರಷ್ಷಿನಲ್ಲಿ ಗಟ್ಟಿ ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ಮಿಶ್ರಣ. ಮೇಲ್ಗಡೆ, ಬೆಳಕಿನ ಬದಿಗೆ ಗುಂಡುಸೂಜಿಯ ಮೊನೆಯಷ್ಟು ಬಿಳಿ ಬಿಡಿ. ಆ ಬಿಳಿ ನಡುಮಧ್ಯಕ್ಕೆ ಬಂದರೆ ಆಟಿಕೆಯ ಕಣ್ಣಾಗುತ್ತದೆ. ಕಣ್ಣು ಸರಿಬರದಿದ್ದರೆ ಮುಂದೆ ಹೋಗದೆ ಇನ್ನೊಂದು ಹಾಳೆ ತೆಗೆದುಕೊಳ್ಳುವುದೇ ಲೇಸು.

ಈಗ 8ನೇ ಬ್ರಷ್. ಒಂದು ಪಾಲು ಓಕರ್‌ಗೆ ಹತ್ತು ಪಾಲು ನೀರು ಸೇರಿಸಿ, ಕೆನ್ನೆ ಮತ್ತು ರೆಕ್ಕೆಯ ಬಿಳಿಪಟ್ಟಿ ಬಿಟ್ಟು ಬೆನ್ನು, ರೆಕ್ಕೆಗೆಲ್ಲ ಹಚ್ಚಿ. ಅದು ಒದ್ದೆಯಿರುವಾಗಲೇ ನೆತ್ತಿಗೂ ಹೊಟ್ಟೆಗೂ ತೆಳು ಬೂದಿ. ಆಮೇಲೆ ಕಾಯಿರಿ. ಹಾಳೆಯನ್ನು ಓರೆಯಾಗಿ ಹಿಡಿದು ನೋಡಿ: ನೀರು ಥಳಥಳ ಹೊಳೆಯುತ್ತಿದ್ದರೆ ಇನ್ನೂ ಬೇಗ. ಹೊಳಪು ಮಂಕಾಗುತ್ತಿರುವ ಗಳಿಗೆಯಲ್ಲಿ ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಗಟ್ಟಿ ಬರ್ನ್ಟ್ ಸಿಯೆನ್ನಾ ಇಟ್ಟರೆ ಅಂಚು ಮೆತ್ತಗೆ ಹರಡಿ ಗರಿಯಂತೆಯೇ ನಿಲ್ಲುತ್ತದೆ. ಹೊಳಪು ಪೂರ್ತಿ ಹೋಗಿ, ಮುಟ್ಟಿದರೆ ತಣ್ಣಗಿರುವ ಸ್ಥಿತಿಯಲ್ಲಿ ಬ್ರಷ್ ಹಾಕಲೇಬೇಡಿ. ಆಗ ಹಾಕಿದ ನೀರು ಅರೆ ಒಣಗಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಕೊರೆಕೊರೆ ಅಂಚಿನ ಕಲೆ ಮಾಡುತ್ತದೆ. ಚಳಿಯ, ತೇವದ ಬೆಳಗಿನಲ್ಲಿ ಒಣಗಲು ಬಹಳ ಹೊತ್ತು ಹಿಡಿಯುವುದರಿಂದ ತಾಳ್ಮೆ ತಪ್ಪುವುದು ಇಲ್ಲೇ. ಎರಡು ಹಾಳೆ ಒಟ್ಟಿಗೆ ಇಟ್ಟುಕೊಂಡು ಒಂದರಿಂದ ಒಂದಕ್ಕೆ ಹೋಗುತ್ತಿದ್ದರೆ ಕೈ ಸುಮ್ಮನಿರುತ್ತದೆ.

ಒಣಗಿದ ಮೇಲೆ ನೆರಳು. ಹೊಟ್ಟೆಯ ಕೆಳಭಾಗ, ರೆಕ್ಕೆಯಡಿ, ಬಾಲದಡಿ ಇವನ್ನು ಬೇರೆ ಬೇರೆಯಾಗಿ ಹಚ್ಚದೆ ಒಂದಕ್ಕೊಂದು ಕೂಡಿದ ಒಂದೇ ಆಕಾರವಾಗಿ ಹಚ್ಚಿ. ನೀಲಿ ಸ್ವಲ್ಪ ಮುಂದಿರುವ ಬೂದಿ, ಐದು ಪಾಲು ನೀರು. ಇಷ್ಟಕ್ಕೇ ಹಕ್ಕಿ ದುಂಡಗಾಗಬೇಕು. ಆಗದಿದ್ದರೆ ಗರಿಯ ಗೀಟುಗಳಿಂದ ಅದನ್ನು ಸರಿಪಡಿಸಲಾಗದು.

ಬೆನ್ನಿನ ಕಪ್ಪು ಗೀಟುಗಳು ಕೊನೆಗೆ, ಸಾಲುಸಾಲಾಗಿ, ಬಾಲದ ಕಡೆಗೆ ಬಾಗುತ್ತ. ಬೆಳಕು ಬಿದ್ದಿರುವ ಬದಿಯಲ್ಲಿ ಮೂರರಲ್ಲಿ ಒಂದನ್ನು ಹಾಕಿ, ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಗಂಟಲಿನ ಕಪ್ಪನ್ನು ಮೇಲೆ ಗಟ್ಟಿಯಾಗಿ ಇಟ್ಟು ಕೆಳ ಅಂಚನ್ನು ಅರೆ ಒಣಗಿದ ಬ್ರಷ್ಷಿನಿಂದ ಚದುರಿಸಿ. ಕೊಕ್ಕಿನ ಮೇಲಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಉಳಿಸಿ. ಬೆರಳುಗಳು ಕೊಂಬೆಯ ಮೇಲೆ ಇಟ್ಟಂತಿರದೆ ಸುತ್ತಿ ಹಿಡಿದಂತಿರಬೇಕು, ಮತ್ತು ಹಕ್ಕಿಯ ನೆರಳು ಕೊಂಬೆಯ ಮೇಲೆ ಬಿದ್ದಿರಬೇಕು. ಈ ಒಂದು ಸಣ್ಣ ನೆರಳಿಲ್ಲದೆ ತೇಲುತ್ತಿರುವ ಹಕ್ಕಿಗಳು ಎಷ್ಟೋ.

ಕೊಂಬೆಯನ್ನು ಬುಡದಿಂದ ತುದಿಗೆ ಒಂದೇ ಎಳೆತದಲ್ಲಿ, ಒತ್ತಡ ಕಡಿಮೆ ಮಾಡುತ್ತ ಎಳೆಯಿರಿ. ಚಿಗುರೆಂದರೆ ಹಸಿರೇ ಎಂದುಕೊಳ್ಳಬೇಡಿ. ಹಲವು ಮರಗಳ ಎಳೆ ಎಲೆ ಕೆಂಪಾಗಿರುತ್ತದೆ, ಅದಕ್ಕೆ ಸಿಯೆನ್ನಾ ಜೊತೆ ಕ್ರಿಮ್ಸನ್. ಹಸಿರು ಚಿಗುರಿಗೆ ಲೆಮನ್ ಯೆಲ್ಲೋ ಜೊತೆ ಚಿಟಿಕೆ ಅಲ್ಟ್ರಾಮರೀನ್.

ತೊಂದರೆ ಕೊಡುವ ಬಣ್ಣಗಳು

ಬಿಳಿ ಹೊಟ್ಟೆ ಬೂದಿಯಲ್ಲ. ಹಕ್ಕಿ ಹುಲ್ಲಿನ ಮೇಲಿದ್ದರೆ ಅದರ ಹೊಟ್ಟೆಗೆ ಹಸಿರು ಛಾಯೆ, ಅಗೆದ ಮಣ್ಣಿನ ಮೇಲಿದ್ದರೆ ಕಂದು ಛಾಯೆ, ಬರಿ ಕೊಂಬೆಯಲ್ಲಿದ್ದರೆ ಆಕಾಶದ ತಣ್ಣನೆ ನೀಲಿ. ಸುತ್ತ ಬಳಸಿದ ಬಣ್ಣವನ್ನೇ ತೆಳುಮಾಡಿ ಹಚ್ಚಿದರೆ ಸಾಕು.

ಕಾಗೆ, ಕಾಜಾಣಗಳಿಗೆ ಮೂರು ಹಂತ ಬೇಕು: ಬೆಳಕು ಬಿದ್ದ ಕಡೆ ತೆಳು ನೀಲಿ, ನಡುವೆ ಗಾಢ ಬೂದಿ, ನೆರಳಿನಲ್ಲಿ ಮಾತ್ರ ಗಟ್ಟಿ ಮಿಶ್ರಣ. ಒಂದೇ ಗಾಢತೆ ಹಚ್ಚಿದರೆ ಹಾಳೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಹಳದಿ ಹೊಟ್ಟೆಯ ನೆರಳಿಗೆ ಕಪ್ಪು ಬೆರೆಸಿದರೆ ಪಾಚಿ ಹಸಿರಾಗುತ್ತದೆ; ಓಕರ್‌ಗೆ ತುಸು ಕ್ರಿಮ್ಸನ್, ತುಸು ಅಲ್ಟ್ರಾಮರೀನ್ ಸೇರಿಸಿ.

ಸೂರಕ್ಕಿಯ ಮಿನುಗಿಗೆ ಮಿನುಗುವ ಬಣ್ಣ ಕೊಳ್ಳುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಆ ಹೊಳಪು ವರ್ಣದ್ರವ್ಯದ್ದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಆಡುವ ಆಟ. ಹಕ್ಕಿ ತಲೆ ತಿರುಗಿಸಿದರೆ ನೀಲಿ ಹೋಗಿ ನೇರಳೆ, ನೆರಳಿಗೆ ಸರಿದರೆ ಬರೀ ಕಪ್ಪು. ಕಾಗದದ ಮೇಲೆ ಇದು ಬರುವುದು ಗಾಢತೆಯ ಜಿಗಿತದಿಂದ: ಅತಿ ಗಾಢದ ಪಕ್ಕದಲ್ಲೇ, ನಡುವೆ ಮಧ್ಯಮ ಬಣ್ಣವಿಲ್ಲದೆ, ಶುದ್ಧ ಥ್ಯಾಲೋ ನೀಲಿಯ ಚೂರು, ಅದರ ಅಂಚಿಗೆ ಕ್ರಿಮ್ಸನ್, ಒಂದೆರಡು ಕಡೆ ಹಾಳೆಯ ಬಿಳಿ. ಹೊಳೆಯುವ ಜಾಗ ಚಿಕ್ಕದಿದ್ದಷ್ಟೂ ಹೊಳಪು ಹೆಚ್ಚು. ಹಕ್ಕಿ ಕೂತದ್ದು ನೆರಳಿನಲ್ಲಾದರೆ ಕಪ್ಪಾಗಿಯೇ ಬಿಡಿಸಿ, ಬಣ್ಣ ಗೊತ್ತಿದೆ ಎಂಬ ಕಾರಣಕ್ಕೆ ಸೇರಿಸಬೇಡಿ.

ಬಣ್ಣ ಕೆಸರಾದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ: ಒಂದೇ ಜಾಗದಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಕೂಡಿದೆ, ಇಲ್ಲವೇ ಅಡಿಯ ಪದರ ಒಣಗುವ ಮೊದಲೇ ಮೂರನೆಯದು ಬಿದ್ದಿದೆ. ಉಜ್ಜಿ ತೆಗೆಯಲು ಹೋದರೆ ಹಾಳೆಯ ತರಿ ಹೋಗುತ್ತದೆ. ಪೂರ್ತಿ ಒಣಗಲು ಬಿಟ್ಟು, ಶುದ್ಧ ನೀರಿನ ಬ್ರಷ್ಷಿನಿಂದ ಎರಡು ಸಲ ಸವರಿ, ಬಟ್ಟೆಯಿಂದ ಒತ್ತಿ ಎತ್ತಿ. ಅಲ್ಟ್ರಾಮರೀನ್ ಬಹುಪಾಲು ಎದ್ದುಬರುತ್ತದೆ, ಥ್ಯಾಲೋ ನೀಲಿ ಕಲೆಯಾಗಿ ಉಳಿಯುತ್ತದೆ, ಹಾಗಾಗಿ ಅದನ್ನು ಖಾತ್ರಿಯಿರುವ ಕಡೆಗಷ್ಟೇ ಇಡಿ. ಬಿಳಿ ಗ್ವಾಶ್ ಎಲ್ಲಕ್ಕಿಂತ ಕೊನೆಗೆ, ಕಣ್ಣಿನ ಹೊಳಪು ಮುಚ್ಚಿಹೋಗಿದ್ದರೆ ಒಂದು ಚುಕ್ಕೆ, ರೆಕ್ಕೆಯ ಅಂಚಿಗೆ ಒಂದೆರಡು ಗೀಟು. ಅದರ ಮೇಲೆ ಮತ್ತೆ ಒದ್ದೆ ಬಣ್ಣ ಹೋದರೆ ಸುತ್ತಲಿನದೆಲ್ಲ ಹಾಲುಹಾಲಾಗುತ್ತದೆ.

ಮುಗಿದ ಹಾಳೆ ಅಲೆಯೆದ್ದಿದ್ದರೆ ಹಿಂಬದಿಗೆ ಒದ್ದೆ ಸ್ಪಂಜನ್ನು ಹಗುರಾಗಿ ಆಡಿಸಿ, ಎರಡು ಶುಭ್ರ ಕಾಗದಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಗ್ವಾಶ್ ಹಚ್ಚಿದ ಹಾಳೆಯಾದರೆ ನೀರು ಇನ್ನೂ ಕಡಿಮೆ. ಹಿಂಬದಿಯಲ್ಲಿ ಹಕ್ಕಿಯ ಹೆಸರು, ತಾರೀಕು, ಹೊತ್ತು, ಕೂತಿದ್ದ ಗಿಡ ಬರೆದಿಡಿ. ಮುಂದಿನ ವಸಂತದಲ್ಲಿ ಯಾವ ಹಕ್ಕಿಗೆ ಯಾವ ಮೂಲೆಯಲ್ಲಿ ಕೂರಬೇಕೆಂದು ಹುಡುಕುವ ಕೆಲಸ ಅಷ್ಟು ಕಡಿಮೆಯಾಗುತ್ತದೆ.